ಮೈಮೇಲಿನ ಹುಡಿ

ದಿನಾ ಸಂಜೆ ಕೆಲಸ ಬಿಡುವ ಹೊತ್ತಿಗೆ ವಿರೋತ್ ಧಣಿಯ ತೋಟದಲ್ಲಿ ಹೆಂಗಸರನ್ನು ಗುಡಿಸುತ್ತಿದ್ದರು.

ಅಣಬೆ ಮನೆಯ ಬಾಗಿಲಲ್ಲಿ ಬಿಳಿ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಿತ್ತು. ಒಬ್ಬೊಬ್ಬಳಾಗಿ ಅದರ ಮೇಲೆ ನಿಲ್ಲಬೇಕು. ಬೆರ್ಚಪ್ಪನ ಹಾಗೆ ಎರಡೂ ಕೈ ಅಗಲಿಸಬೇಕು. ಮೇಸ್ತ್ರಿ ಬುವಾಚಾನ್ ಮೆದು ಕೂದಲಿನ ಬ್ರಶ್ಶು ಹಿಡಿದು ನೆತ್ತಿಯಿಂದ ಶುರು ಮಾಡುವಳು. ಕೂದಲು, ಹುಬ್ಬು, ಕಿವಿಯ ಸಂದಿ, ಕುತ್ತಿಗೆ. ಆಮೇಲೆ ರವಿಕೆ. ಎದೆಯ ಮೇಲೆ, ಎದೆಯ ಕೆಳಗೆ. ಆಮೇಲೆ ಲುಂಗಿಯ ಮಡಿಕೆ. ಕೊನೆಗೆ ಪಾದ. ನಸ್ಯದ ಬಣ್ಣದ ನಯವಾದ ಹುಡಿ ಹಾಳೆಯ ಮೇಲೆ ಉದುರುತ್ತಿತ್ತು. ಹಾಳೆ ಮಡಚಿ ಅದನ್ನು ಡಬ್ಬಿಗೆ ಸುರಿದುಕೊಳ್ಳುತ್ತಿದ್ದರು. ಒಂದು ಚಿಟಿಕೆಯೂ ಬೇಲಿಯಾಚೆ ಹೋಗಕೂಡದು.

"ತಿರುಗು," ಅನ್ನುವಳು ಬುವಾಚಾನ್.

ನಾಲೋ ತಿರುಗುವಳು.

"ಕೆಮ್ಮಬೇಡ ಕಣೇ, ಹಾರಿಹೋಗುತ್ತೆ."

ನಾಲೋ ಕೆಮ್ಮನ್ನು ನುಂಗುವಳು. ಗಂಟಲಲ್ಲಿ ಮುಳ್ಳು ಇಳಿದ ಹಾಗಾಗುವುದು. ಕಣ್ಣಲ್ಲಿ ನೀರು ಬಂದರೆ ಅದನ್ನೂ ಒರೆಸುವಂತಿಲ್ಲ. ಕೈ ಅಗಲಿಸಿಯೇ ಇರಬೇಕು.

ಹಿಂದೆ ಸಾಲಿನಲ್ಲಿ ನಿಂತ ಸೇಂಗಕ್ಕ ಸುಮ್ಮನಿರುವ ಜಾತಿಯಲ್ಲ. ಶಾನ್ ಜನಾಂಗದ ಹೆಂಗಸು, ಗಡಿಯಾಚೆಯಿಂದ ಬಂದವಳು, ಹಲ್ಲು ಉದುರಿದ್ದರೂ ಬಾಯಿ ಉದುರಿರಲಿಲ್ಲ. "ಮೇಸ್ತ್ರಮ್ಮಾ, ನನ್ನ ಗಂಡ ಬದುಕಿದ್ದಾಗ್ಲೂ ನನ್ನ ಇಷ್ಟು ಮುತುವರ್ಜಿಯಿಂದ ಸವರಿರ್ಲಿಲ್ಲ ಕಣಮ್ಮ. ಇನ್ನೊಂಚೂರು ಕೆಳಗೆ."

ಹೆಂಗಸರು ನಗುವರು. ಬುವಾಚಾನಳೂ ತುಟಿ ಬಿಗಿಹಿಡಿದು ನಗುವಳು. ನಕ್ಕು ನಕ್ಕು ಸಾಲಿನ ತುಂಬ ಕೆಮ್ಮು ಏಳುವುದು. ಆಗ ನಗು ನಿಲ್ಲುವುದು.

ಆ ಹುಡಿ ಲಿಂಗ್‌ಜಿ ಅಣಬೆಯದು. ಸಾರಿಗೆ ಹಾಕುವ ಅಣಬೆಯಲ್ಲ ಅದು. ಮರದ ಸೌಟಿಗೆ ಅರಗು ಬಳಿದ ಹಾಗೆ ಕೆಂಪಗೆ, ಗಟ್ಟಿಯಾಗಿ ಇರುತ್ತದೆ. ಔಷಧಿಗೆ ಹೋಗುತ್ತದೆ. ಬಲಿತಾಗ ತನ್ನ ಬೀಜವನ್ನು ಹೊಗೆಯ ಹಾಗೆ ಬಿಡುತ್ತದೆ. ಅಣಬೆಗಿಂತ ಆ ಹುಡಿಗೇ ಬೆಲೆ ಹೆಚ್ಚು. ಬ್ಯಾಂಕಾಕಿನಲ್ಲಿ ಸಣ್ಣ ಗಾಜಿನ ಶೀಶೆಗಳಲ್ಲಿ ಮಾರುತ್ತಾರಂತೆ. ಉಬ್ಬಸಕ್ಕೆ, ಎದೆ ಕಟ್ಟಿದ್ದಕ್ಕೆ, ನಿದ್ದೆ ಬಾರದ್ದಕ್ಕೆ.

ಹುಡಿ ಹಾರಬಾರದೆಂದು ಆ ಮನೆಗೆ ಕಿಟಕಿ ಇಟ್ಟಿರಲಿಲ್ಲ. ಫ್ಯಾನು ಇತ್ತು, ಹುಡಿ ಉದುರುವ ದಿನಗಳಲ್ಲಿ ಅದನ್ನು ನಿಲ್ಲಿಸುತ್ತಿದ್ದರು. ಹೆಂಗಸರು ಒಳಗೆ ಹೋದ ಮೇಲೆ ಹೊರಗಿನಿಂದ ಚಿಲಕ ಬೀಳುತ್ತಿತ್ತು. ಕಳ್ಳತನ ಆಗಬಾರದಲ್ಲ! ಬಾಗಿಲಿಗೆ ಅಂಗೈಯಗಲದ ಒಂದು ಗಾಜಿನ ಕಿಂಡಿ, ಮೇಸ್ತ್ರಿ ಇಣುಕಿ ನೋಡಲಿಕ್ಕೆ. ಒಳಗೆ ಸಾಲು ಸಾಲು ಅಟ್ಟಣಿಗೆ. ಸೊಂಟ ಬಗ್ಗಿಸಿ ಒಂದೊಂದು ಅಣಬೆಯ ಬೆನ್ನಿನ ಮೇಲೆ ಕೂತ ಹುಡಿಯನ್ನು ಕುಂಚದಿಂದ ತಟ್ಟೆಗೆ ಇಳಿಸಬೇಕು. ಬೇಗ ಇಳಿಸಿದರೆ ಹಾರುತ್ತದೆ. ನಿಧಾನ ಮಾಡಿದರೆ ಬೈಗುಳ. ಬೆಳಿಗ್ಗೆ ಒಳಗೆ ಹೋದವರು ಊಟದ ಗಂಟೆಯವರೆಗೆ ಅದನ್ನೇ ಉಸಿರಾಡುತ್ತಿದ್ದರು. ಬಾಯಿಗೆ ಕಟ್ಟಿಕೊಳ್ಳಲು ಹಳೇ ಬಟ್ಟೆ ಕೊಟ್ಟಿದ್ದರು. ಹುಡಿ ಆ ಬಟ್ಟೆಗೆ ಕ್ಯಾರೇ ಅನ್ನುತ್ತಿರಲಿಲ್ಲ. ಮನೆಗೆ ಹೋಗಿ ಉಗುಳಿದರೆ ಉಗುಳು ಕಂದು.

ಅಣಬೆ ಬೆಳೆಯುವ ಚೀಲದೊಳಗೆ ಇದ್ದುದು ಗಾಂಜಾ ದಂಟು. ಧಣಿಯ ಗಾಂಜಾ ತೋಟ ಪಕ್ಕದಲ್ಲೇ. ಮೇಲೆ ಬಿಳಿ ಪರದೆ, ಒಳಗೆ ಹಗಲೂ ರಾತ್ರಿ ದೀಪ, ಬಾಗಿಲಿಗೆ ಸರ್ಕಾರದ ಲೈಸೆನ್ಸು. ಅದಕ್ಕೆ ಚೌಕಟ್ಟು ಕಟ್ಟಿಸಿ, ಗಾಜು ಹಾಕಿಸಿ, ಹೂವಿನ ಹಾರ ಬೇರೆ. ಹೂವು ಪೇಟೆಗೆ ಹೋದ ಮೇಲೆ ದಂಟು, ಎಲೆ ಹೆಂಗಸರ ಪಾಲಿಗೆ. ಮಷೀನಿಗೆ ಕೊಟ್ಟು ಚೂರು ಮಾಡಬೇಕು. ಮರದ ಹೊಟ್ಟು, ಅಕ್ಕಿ ತೌಡು, ಸುಣ್ಣ ಸೇರಿಸಿ, ನೀರು ಚಿಮುಕಿಸಿ, ಕಾಲಲ್ಲಿ ತುಳಿಯಬೇಕು. ಸುಣ್ಣಕ್ಕೆ ಹಿಮ್ಮಡಿ ಬಿರಿಯುತ್ತದೆ. ತುಳಿದದ್ದನ್ನು ಚೀಲಕ್ಕೆ ಗಿಡಿದು ಡ್ರಮ್ಮಿನಲ್ಲಿ ಹಬೆಗೆ ಬೇಯಿಸಬೇಕು. ಬೆಂದ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಒಳಗೆ ಸಾಗಿಸಬೇಕು. ನಾಲೋಳ ಬೆನ್ನಿನ ಚರ್ಮ ಹಪ್ಪಳದ ಹಾಗೆ ಎದ್ದು, ಒಣಗಿ, ಮತ್ತೆ ಏಳುತ್ತಿತ್ತು.

ನಾಲೋಳ ಗಂಡ ಜಾಫು ಮನೆಯ ಹಿಂದೆ ಮೂರು ಗಾಂಜಾ ಗಿಡ ಬೆಳೆಸಿದ್ದ. ಕೋಳಿ ಸಾರಿಗೆ ನಾಲ್ಕು ಎಲೆ, ಅವ್ವನ ಮಂಡಿ ನೋವಿಗೆ ಒಂದಿಷ್ಟು. ಅವನಿಗೆ ಲೈಸೆನ್ಸು ಇರಲಿಲ್ಲ. ಆಗ ಯಾರಿಗೂ ಇರಲಿಲ್ಲ. ಪೊಲೀಸರು ಗಿಡಗಳನ್ನೂ ಅವನನ್ನೂ ಒಂದೇ ಜೀಪಿನಲ್ಲಿ ಹಾಕಿಕೊಂಡು ಹೋದರು. ಕಾಯ್ದೆ ಬದಲಾಗುವಷ್ಟರಲ್ಲಿ ಅವನು ಜೈಲಿನಲ್ಲಿ ಸತ್ತಿದ್ದ. ಕಾಯ್ದೆ ಬದಲಾಯಿತು, ಧಣಿಯ ತೋಟ ಎದ್ದಿತು. ಗಂಡನನ್ನು ಹೊತ್ತೊಯ್ದ ಗಿಡದ ದಂಟನ್ನು ನಾಲೋ ಈಗ ಕೂಲಿಗೆ ತುಳಿಯುತ್ತಿದ್ದಳು.

ಬಿಟ್ಟು ಹೋಗಬಹುದಿತ್ತಲ್ಲ ಅಂದರೆ, ಎಲ್ಲಿಗೆ?

ಮೇಲೆ ಬೆಟ್ಟದಲ್ಲಿ ಇವರ ಲಾಹು ಬುಡಕಟ್ಟಿನ ಹಟ್ಟಿ ಇತ್ತು. ಅದು ಕಾಡು, ಇಲ್ಲಿ ಜನ ಇರಕೂಡದು ಅಂತ ಸರ್ಕಾರ ಹೇಳಿತು. ಕೆಳಗೆ ಇಳಿಸಿತು. ಕೆಳಗೆ ಇದ್ದದ್ದೆಲ್ಲ ಧಣಿಯ ನೆಲ. ಅವನ ನೆಲದಲ್ಲೇ ಬಿದಿರು ನೆಟ್ಟು ಗುಡಿಸಲು ಕಟ್ಟಿಕೊಂಡರು. ಕೈಗೆ ಒಂದು ಕಾರ್ಡು ಕೊಟ್ಟಿದ್ದರು, ಸೊನ್ನೆಯಿಂದ ಶುರುವಾಗುವ ನಂಬರಿನದು. ಈ ನೆಲದಲ್ಲಿ ಹುಟ್ಟಿದ್ದೀಯ, ಆದರೆ ಈ ದೇಶದವಳಲ್ಲ ಅಂತ ಅದರ ಅರ್ಥ. ಆ ಕಾರ್ಡಿನವರು ಹೊಳೆ ಸೇತುವೆಯ ನಾಕಾ ದಾಟಬೇಕಾದರೆ ಚೀಟಿ ಬೇಕು. ಚೀಟಿಗೆ ಜಾಮೀನು ಬೇಕು. ಜಾಮೀನು ನಿಲ್ಲುವವನು ಒಬ್ಬನೇ, ಧಣಿ. ಆ ನಾಕಾದ ಅಡ್ಡಗಂಬ ಲಾಹುಗಳಿಗಾಗಿ ಎದ್ದದ್ದು ಎರಡೇ ತರ. ಧಣಿಯ ಚೀಟಿಗೆ, ಇಲ್ಲವೇ ಪೊಲೀಸ್ ಜೀಪಿಗೆ.

ಊರ ಸಣ್ಣ ಆಸ್ಪತ್ರೆಯ ನರ್ಸು ನಾಲೋಳ ಅಕ್ಕ ನಾಶೀಯ ಎದೆಗೆ ಕೊಳವೆ ಇಟ್ಟು ನೋಡಿ, "ಇದು ಇಲ್ಲಿ ಆಗೋದಲ್ಲಮ್ಮ. ಪೇಟೆಯ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು. ತಡ ಮಾಡಬೇಡ," ಅಂದಿದ್ದಳು. ಅದು ಮಳೆಗಾಲ. ಈಗ ಚಳಿ ಬಿದ್ದಿತ್ತು. ಚೀಟಿಗೆ ಅಂತ ನಾಲೋ ಧಣಿಯ ಜಗಲಿಯ ಕೆಳಗೆ ಎಷ್ಟು ಸಲ ನಿಂತಳೋ. ನಾಳೆ ಬಾ. ಹಬ್ಬ ಕಳೀಲಿ. ಈ ಕೊಯ್ಲು ಮುಗೀಲಿ.

ಆವತ್ತು ಮಾತ್ರ ಧಣಿಯೇ ಹೇಳಿಕಳಿಸಿದ.

"ಬಾಮ್ಮ ನಾಲೋ, ಕೂತ್ಕೊ," ಅಂದ. ಕುರ್ಚಿ ತೋರಿಸಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತಳು.

"ನಿಮ್ಮಕ್ಕ ಹೇಗಿದ್ದಾಳೆ?"

"ಹಂಗೇ ಅವ್ಳೆ ಧಣೀ. ಕೂತೇ ಇರ್ತಾಳೆ. ಮಲಗಿದ್ರೆ ಉಸ್ರು ನಿಲ್ತದೆ."

"ಪಾಪ," ಅಂದ ಧಣಿ. ತಣ್ಣಗಿನ ಕಾಫಿಯ ಲೋಟದಲ್ಲಿ ಐಸು ಅಲ್ಲಾಡಿಸಿದ. "ನೋಡು, ನಾಳೆ ಬ್ಯಾಂಕಾಕಿನವರು ಬರ್ತಿದ್ದಾರೆ. ದೊಡ್ಡ ಜನ. ಔಷಧಿ ಅಂಗಡಿಗಳಿವೆ. ನಮ್ಮ ಹುಡಿ ಅವರಿಗೆ ಹಿಡಿಸಿದ್ರೆ ತೋಟ ಉದ್ಧಾರ, ನೀವೂ ಉದ್ಧಾರ. ಅವರಿಗೆ ಬೆಟ್ಟದ ಜನ ಅಂದ್ರೆ ಇಷ್ಟ. ನೀನು ನಿಮ್ಮ ಕರೀ ಅಂಗಿ, ಬೆಳ್ಳಿ ಗುಂಡಿ ಹಾಕಿರೋದು, ಅದನ್ನ ತೊಟ್ಕೊಂಡು ಬಾ. ಎರಡು ಮಾತು ಆಡು. ಅಕ್ಕಂಗೆ ಉಬ್ಬಸ ಇತ್ತು, ನಮ್ಮ ಹುಡಿ ತಿಂದ್ಲು, ವಾಸಿಯಾಯ್ತು, ಈಗ ಬೆಟ್ಟ ಹತ್ತಿ ಸೌದೆ ತರ್ತಾಳೆ. ಇಷ್ಟೇ."

ನಾಲೋ ಅವನ ಮುಖ ನೋಡಿದಳು. ತಮಾಷೆ ಇರಬಹುದು ಅಂದುಕೊಂಡಳು. ಇರಲಿಲ್ಲ.

"ಅಕ್ಕ ಎದೆ ಕೆಡ್ಸಿಕೊಂಡಿದ್ದೇ ನಿಮ್ ಅಣಬೆ ಮನೇಲಿ ಧಣೀ."

"ನಿನಗೇನೇ ಗೊತ್ತು, ನೀನೇನು ಡಾಕ್ಟ್ರಾ?" ಅವನ ದನಿ ಏರಲಿಲ್ಲ. "ಚೆನ್ನಾಗಿ ಮಾತಾಡಿದ್ರೆ ನಾಳೆ ಸಂಜೆಗೇ ಚೀಟಿ. ನನ್ನ ಗಾಡೀಲೇ ಕಳಿಸ್ತೀನಿ. ಡ್ರೈವರ್ ಎತ್ತಿಕೊಂಡು ಹೋಗಿ ಆಸ್ಪತ್ರೇಲಿ ಇಳಿಸಿ ಬರ್ತಾನೆ. ಇಲ್ಲ ಅಂದ್ರೆ, ನಿನ್ನಿಷ್ಟ. ಆಮೇಲೆ, ನೀವು ಕೈಗೆ ದಾರ ಕಟ್ತೀರಲ್ಲ, ಅದನ್ನೂ ಕಟ್ಟು ಅವರಿಗೆ. ಫೋಟೋಗೆ ಚೆನ್ನಾಗಿರುತ್ತೆ."

ದಾರ ಕಟ್ಟುವುದು ಲಾಹುಗಳಿಗೆ ಫೋಟೋದ ವಿಷಯವಲ್ಲ. ಕಾಯಿಲೆ ಬಿದ್ದವರ ಜೀವ ಮೈಬಿಟ್ಟು ಎಲ್ಲೋ ಅಲೆಯುತ್ತಿರುತ್ತದೆ. ಅದನ್ನು ಹೆಸರಿಟ್ಟು ಕರೆದು, ಬಂದ ಜೀವವನ್ನು ಮಣಿಕಟ್ಟಿಗೆ ದಾರದಿಂದ ಬಿಗಿಯುತ್ತಾರೆ. ಆ ದಾರ ತಾನಾಗಿ ಸವೆದು ಬೀಳಬೇಕು. ಕತ್ತರಿಸಕೂಡದು. ತೋಟದಲ್ಲಿ ದಾರ ನಿಷೇಧ. ದಾರದಲ್ಲಿ ಬೂಷ್ಟು ಕೂರುತ್ತದೆ, ಚೀಲಕ್ಕೆ ಇಳಿದರೆ ಚೀಲವೆಲ್ಲ ಹಸಿರಾಗಿ ಕೊಳೆಯುತ್ತದೆ ಅನ್ನುತ್ತಾರೆ. ನಾಶೀ ಕೆಲಸಕ್ಕೆ ಸೇರಿದ ದಿನವೇ ಬುವಾಚಾನ್ ಅಣಬೆಯ ತೊಟ್ಟು ಕತ್ತರಿಸುವ ಕತ್ತರಿಯಿಂದ ಅವಳ ದಾರ ಕತ್ತರಿಸಿ ಕಸದ ಬುಟ್ಟಿಗೆ ಎಸೆದಿದ್ದಳು. ಆಮೇಲೆ ನಾಲೋಳದು. ಆಮೇಲೆ ಎಲ್ಲರದು.

ಗುಡಿಸಲಲ್ಲಿ ನಾಶೀ ಕಂಬಕ್ಕೆ ಒರಗಿ ಕೂತಿದ್ದಳು. ಹಿಂದಿನ ವರ್ಷ ಹಂದಿಮರಿಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ ಹೆಂಗಸು. ಈಗ ಲೋಟ ಎತ್ತಲು ಎರಡು ಕೈ ಬೇಕು. ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿತ್ತು. ನಾಲೋ ಗಂಜಿ ಕುಡಿಸುತ್ತ ಧಣಿ ಹೇಳಿದ್ದನ್ನೆಲ್ಲ ಹೇಳಿದಳು.

"ಸೌದೆ ತರ್ತೀನಂತಾ?" ನಾಶೀ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ನಾಲೋ ಅವಳ ಬೆನ್ನು ಹಿಡಿದು ಕೂತಳು. "ಎಷ್ಟು ಹೊರೆ ತರ್ತೀನಿ ಅಂತಾ ಹೇಳ್ಲಿಲ್ವಾ?"

"ನಾನು ಹೇಳಾಕಿಲ್ಲ ಕಣಕ್ಕ. ಅವನ ಬಾಯಿಗೆ ಮಣ್ಣಾಕ."

ನಾಶೀ ಕಂಬಕ್ಕೆ ಬೆನ್ನು ಒತ್ತಿದಳು. ಉಸಿರು ಕೂಡಿಸಿಕೊಳ್ಳುತ್ತಿದ್ದಳು.

"ಹೇಳು," ಅಂದಳು ಕೊನೆಗೆ. "ಸುಳ್ಳು ಹೇಳಿದ್ರೆ ನಾಲ್ಗೆ ಏನು ಸವೆಯಾಕಿಲ್ಲ. ನಂಗೆ ಬದುಕ್ಬೇಕು ಕಣೇ ನಾಲೋ. ಬುದ್ಧಿವಂತಿಕೆ ಮಾತು ಬ್ಯಾಡ ನಂಗೆ. ಮಲಗ್ಬೇಕು. ಒಂದಿನ ಬೆನ್ನು ನೆಲಕ್ಕಾಕಿ ಮಲಗ್ಬೇಕು."

ಅಷ್ಟು ಹೇಳಿದ ಮೇಲೆ ಇನ್ನೇನು ಉಳಿಯಿತು? ನಾಲೋ ಪೆಟ್ಟಿಗೆಯಿಂದ ಅವ್ವ ಹೊಲಿದಿದ್ದ ಕರೀ ಅಂಗಿ ತೆಗೆದಳು. ಗುಂಡಿಗಳನ್ನು ಬೂದಿಯಲ್ಲಿ ಉಜ್ಜಿದಳು. ಉಜ್ಜುತ್ತ ಉಜ್ಜುತ್ತ ಆ ಎರಡು ಮಾತು ಬಾಯಿಪಾಠ ಮಾಡಿದಳು. ಹುಡಿ ತಿಂದ್ಲು, ವಾಸಿಯಾಯ್ತು. ಸೌದೆ ತರ್ತಾಳೆ.

ಮಾರನೇ ದಿನ ತೋಟ ಮದುವೆ ಮನೆಯಾಗಿತ್ತು. ಹೆಂಗಸರಿಗೆಲ್ಲ ಹೊಸ ಮಾಸ್ಕು ಕೊಟ್ಟರು. ಬಿಗಿಯಾಗಿ ಕೂರುವಂಥ ಒಳ್ಳೇ ಮಾಸ್ಕು. "ಸಂಜೆ ವಾಪಸ್ ಕೊಡಬೇಕು," ಅಂದಳು ಬುವಾಚಾನ್.

"ಮೂಗೂ ವಾಪಸ್ ಕೊಡ್ಬೇಕಾ ಮೇಸ್ತ್ರಮ್ಮಾ?" ಅಂದಳು ಸೇಂಗಕ್ಕ.

ಕರೀ ಅಂಗಿಯಲ್ಲೇ ನಾಲೋ ಅಣಬೆ ಮನೆ ಹೊಕ್ಕಳು. ಚಿಲಕ ಬಿತ್ತು. ದೊಡ್ಡ ಜನ ಬಂದ ಸದ್ದು ಕೇಳಿತು. ಕಾರಿನ ಬಾಗಿಲು, ನಗು, ಧಣಿಯ ಜೇನಿನಂಥ ದನಿ. ಆಮೇಲೆ ಗಾಜಿನ ಕಿಂಡಿಯಲ್ಲಿ ಒಂದು ಕಣ್ಣು ಬಂತು. ಅದು ಹೋಗಿ ಇನ್ನೊಂದು ಕಣ್ಣು ಬಂತು. ಮೃಗಾಲಯದಲ್ಲಿ ನೋಡುವ ಹಾಗೆ ಸರದಿಯಲ್ಲಿ ನೋಡುತ್ತಿದ್ದರು. ನಾಲೋ ಬಗ್ಗಿ ಕುಂಚ ಆಡಿಸುತ್ತಲೇ ಇದ್ದಳು. ಅವ್ವನ ಕರೀ ಅಂಗಿ ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗಿತು. ಬಾಯಲ್ಲಿ ಆ ಎರಡು ಮಾತು ತಿರುಗುತ್ತಿದ್ದವು. ಹುಡಿ ತಿಂದ್ಲು. ವಾಸಿಯಾಯ್ತು.

ಚಿಲಕ ತೆಗೆದರು. ಬುವಾಚಾನ್ ಹಾಳೆ ಹಾಸಲು ಹೋದಳು. ಕೊರಳಿಗೆ ಕ್ಯಾಮೆರಾ ಹಾಕಿಕೊಂಡವನೊಬ್ಬ ತಡೆದ. "ಬೇಡ ಬೇಡ, ಹಾಗೇ ಬರಲಿ. ಧೂಳು ಇದ್ರೇನೇ ಚೆನ್ನಾಗಿ ಬರುತ್ತೆ." ಧಣಿ ಹಲ್ಲು ಕಿರಿದ. ಕಣ್ಣು ಮಾತ್ರ ನಾಲೋಳ ಹೆಗಲ ಮೇಲಿನ ಹುಡಿಯನ್ನು ಅಳೆಯುತ್ತಿತ್ತು.

ಮಾವಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ನಾಲೋಳನ್ನು ಚಾಪೆಯ ಮೇಲೆ ಮಂಡಿಯೂರಿಸಿದರು. ಕೈಗೆ ಬಿಳಿ ದಾರ ಕೊಟ್ಟರು. ಮಾಸ್ಕು ತೆಗೆಸಿದರು, ಮುಖ ಕಾಣಬೇಕಲ್ಲ. ಎದುರಿಗೆ ಅವಳಿಗಿಂತ ಹತ್ತಾರು ವರ್ಷ ದೊಡ್ಡ ಹೆಂಗಸು, ಔಷಧಿ ಅಂಗಡಿಗಳ ಒಡತಿ. ಎಲ್ಲರೂ ಮೇಡಂ ಅನ್ನುತ್ತಿದ್ದರು. ಮುಖದಲ್ಲಿ ದೊಡ್ಡಸ್ತಿಕೆ ಇರಲಿಲ್ಲ. ನಿದ್ದೆಗೆಟ್ಟ ಕಣ್ಣು.

"ಇವಳೇ ಮೇಡಂ, ನಾನು ಹೇಳಿದ್ದು. ಇವಳ ಅಕ್ಕಂಗೇ ವಾಸಿಯಾಗಿದ್ದು. ಹೇಳಮ್ಮ ನಾಲೋ," ಅಂದ ಧಣಿ.

ಆ ಹೆಂಗಸು ತಾನಾಗಿ ಕುರ್ಚಿಯಿಂದ ಮುಂದೆ ಬಗ್ಗಿ ಕೈ ಚಾಚಿದಳು. ನಾಲೋ ದಾರವನ್ನು ಅವಳ ಮಣಿಕಟ್ಟಿಗೆ ಸುತ್ತಿದಳು. ಗಂಟು ಹಾಕುವ ಮೊದಲು ಆ ಹೆಂಗಸು ಮೆಲ್ಲಗೆ, ಬೇರೆ ಯಾರಿಗೂ ಕೇಳಿಸದ ಹಾಗೆ ಮಾತಾಡಿದಳು.

"ನಮ್ಮಮ್ಮಂಗೂ ಹೀಗೇ ಕಣಮ್ಮ. ಮಲಗೋಕಾಗಲ್ಲ. ಇಡೀ ರಾತ್ರಿ ಕೂತೇ ಇರ್ತಾರೆ. ಡಾಕ್ಟ್ರು ಕೊಟ್ಟಿದ್ದೆಲ್ಲ ನಿಲ್ಲಿಸಿ ಇದನ್ನೇ ಕೊಡೋಣ ಅಂತಿದ್ದೀನಿ. ನಿಮ್ಮಕ್ಕಂಗೆ ನಿಜವಾಗ್ಲೂ ವಾಸಿಯಾಯ್ತಾ? ನೀವು ಹೇಳಿದ್ರೆ ನಾನು ನಂಬ್ತೀನಿ."

ನಾಲೋ ಬಾಯಿ ತೆರೆದಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮೊದಲು ಬಂದದ್ದು ಕೆಮ್ಮು. ಅಭ್ಯಾಸದಂತೆ ನುಂಗಲು ನೋಡಿದಳು. ನುಂಗಿದ್ದು ತಿರುಗಿ ಬಂತು. ಕೆಮ್ಮಿದಳು. ಚಾಪೆಗೆ ಕೈಯೂರಿ, ಹೊಟ್ಟೆ ಹಿಡಿದುಕೊಂಡು ಕೆಮ್ಮಿದಳು. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ಅಂಗಿಯಿಂದ ಹುಡಿ ಎದ್ದು ಆ ಹೆಂಗಸಿನ ಬಿಳಿ ತೋಳಿನ ಮೇಲೆ ಕೂತಿತು.

"ಕೂತೇ ಇರ್ತಾಳೆ," ಅಂದಳು ನಾಲೋ.

"ಏನಮ್ಮ?"

"ನಮ್ಮಕ್ಕಾನೂ ಕೂತೇ ಇರ್ತಾಳೆ ಮೇಡಂ. ಈ ಮನೇಲಿ ಈ ಹುಡಿ ಉಸ್ರಲ್ಲಿ ಕುಡ್ದೂ ಕುಡ್ದೂ ಹಂಗಾಗವ್ಳೆ. ಅಗೋ, ಆ ಬೇಲಿ ಆಚೆ ಗುಡ್ಲಲ್ಲಿ ಅವ್ಳೆ. ಬನ್ನಿ ತೋರಿಸ್ತೀನಿ. ನಿಮ್ಮವ್ವಂಗೆ ಡಾಕ್ಟ್ರು ಕೊಟ್ಟಿದ್ದು ನಿಲ್ಲಿಸ್ಬ್ಯಾಡಿ."

ಅಷ್ಟು ಹೇಳಿ ದಾರವನ್ನು ಸುತ್ತು ಬಿಚ್ಚಿ ತೆಗೆದುಕೊಂಡಳು. "ಇದು ನಿಮಗೆ ಬ್ಯಾಡ. ನಿಮ್ಮ ಜೀವ ನಿಮ್ಮ ಮೈಯಾಗೇ ಐತೆ. ಇದು ಬೇಕಾದೋಳು ಬೇರೆ ಅವ್ಳೆ."

ಧಣಿ ಜೋರಾಗಿ ನಕ್ಕ. "ಬೆಟ್ಟದ ಜನ ಮೇಡಂ! ಭಾಷೆ ಸರಿಯಾಗಿ ಬರಲ್ಲ, ಏನು ಕೇಳಿದ್ರೆ ಏನೋ ಹೇಳ್ತಾರೆ. ಬನ್ನಿ, ಒಳಗೆ ಚಹಾ ಇದೆ."

ಆ ಹೆಂಗಸು ನಗಲಿಲ್ಲ. ಬೇಲಿಯಾಚೆ ನೋಡಿದಳು. ಗುಡಿಸಲು ಕಾಣುತ್ತಿತ್ತು. ನಡೆದರೆ ಒಂದು ಕೂಗಿನ ದೂರ. ಹೋಗಲಿಲ್ಲ. ತೋಳಿನ ಮೇಲಿನ ಹುಡಿಯನ್ನು ಕರವಸ್ತ್ರದಿಂದ ಒರೆಸಿಕೊಂಡಳು. ಚಹಾ ಬೇಡ, ತಲೆ ನೋಯುತ್ತಿದೆ ಅಂದಳು. ಕಾರು ಹತ್ತಿದಳು. ಗಾಜು ಇಳಿಸಿ ಒಂದು ಸಲ ನಾಲೋಳ ಕಡೆ ನೋಡಿದಳು. ಕಾರು ನಿಲ್ಲಲಿಲ್ಲ.

ಧೂಳು ಇಳಿಯುವವರೆಗೆ ಧಣಿ ಕೈ ಮುಗಿದುಕೊಂಡೇ ನಿಂತಿದ್ದ. ಆಮೇಲೆ ತಿರುಗಿದ.

"ಚೀಟಿ ಅಂತ ಇನ್ನೊಂದ್ಸಲ ನನ್ನ ಮನೆ ಬಾಗಿಲಿಗೆ ಬಂದ್ರೆ ಕಾಲು ಮುರೀತೀನಿ. ನಿಮ್ಮಕ್ಕ ಅಲ್ಲೇ ಸಾಯಲಿ. ಬುವಾಚಾನ್! ಇವಳನ್ನ ಗುಡಿಸಿ ಆಚೆ ಹಾಕು."

ಬುವಾಚಾನ್ ಹಾಳೆ ಹಾಸಿದಳು. ಬ್ರಶ್ಶು ಹಿಡಿದಳು. ನಾಲೋ ಹಾಳೆಯ ಮೇಲೆ ಕಾಲಿಡಲಿಲ್ಲ.

"ಬಾರೇ," ಅಂದಳು ಬುವಾಚಾನ್.

"ಗುಡಿಸ್ಕೊಳ್ಳಾಕಿಲ್ಲ."

"ಏನಂದೆ?" ಅಂದ ಧಣಿ.

"ಗುಡಿಸ್ಕೊಳ್ಳಾಕಿಲ್ಲ ಅಂದೆ. ಇದು ನಮ್ಮವ್ವನ ಅಂಗಿ. ಇದರ ಮ್ಯಾಲೆ ನಿಮ್ ಬ್ರಶ್ಶು ಆಡಕೂಡ್ದು."

"ಅಂಗಿ ನಿಮ್ಮವ್ವಂದೇ ಇರಲಿ. ಹುಡಿ ನಂದು."

"ನಿಂದಾ?" ನಾಲೋ ಹೆಜ್ಜೆ ಮುಂದಿಟ್ಟಳು. ನೀವು ಹೋಗಿ ನೀನು ಆಗಿತ್ತು. ಹೆಂಗಸರೆಲ್ಲ ಕೇಳಿಸಿಕೊಂಡರು. "ಮೈಮ್ಯಾಲಿರೋದು ನಿಂದು ಅಂದ್ರೆ ಎದೆಯೊಳಗಿರೋದೂ ನಿಂದೇ. ಬಾ, ಅದನ್ನೂ ಗುಡಿಸ್ಕೊ. ನನ್ನೆದೇಲಿರೋದು ಗುಡಿಸ್ಕೊ. ಗುಡ್ಲಿಗೆ ಬಾ, ನಮ್ಮಕ್ಕನ ಎದೇಲಿ ಡಬ್ಬಿಗಟ್ಲೆ ಐತೆ. ಬ್ರಶ್ಶು ತಗಂಡು ಬಾ!"

ಧಣಿ ಬುವಾಚಾನಳನ್ನು ನೋಡಿದ. ಬುವಾಚಾನ್ ಕೈಯಲ್ಲಿದ್ದ ಬ್ರಶ್ಶನ್ನು ನೋಡಿದಳು. ಅವಳ ಗಂಟಲೂ ಈ ನಡುವೆ ಗೊರಗೊರ ಅನ್ನುತ್ತಿತ್ತು.

"ಕೈ ನೋಯ್ತಿದೆ ಧಣಿಗಳೇ," ಅಂದಳು.

"ಬೇಲಿ ದಾಟಿದ್ರೆ ಕಳ್ಳತನದ ಕೇಸು ಹಾಕ್ತೀನಿ ಕಣೇ!" ಧಣಿ ಕೂಗಿದ. "ನನ್ನ ಮಾಲು ಕದ್ದು ಹೋಗ್ತಿದ್ದಾಳೆ ಅಂತ ಈಗಲೇ ನಾಕಾಕ್ಕೆ ಫೋನು ಮಾಡ್ತೀನಿ!"

ನಾಲೋ ಬೇಲಿ ದಾಟಿದಳು. ಹಿಂದೆ ಯಾರೋ ಬಂದ ಸದ್ದಾಯಿತು. ಸೇಂಗಕ್ಕ. ಅವಳ ಮೈಮೇಲೂ ಹುಡಿ.

"ನೀನ್ಯಾಕೆ ಬಂದ್ಯಕ್ಕ?"

"ನಿಮ್ಮಕ್ಕನ್ನ ಬೆನ್ನಿಗೆ ಕಟ್ಕೊಂಡು ನಾಕಾಕ್ಕೆ ಹೊರಡಾಕೆ ಇನ್ನೊಂದು ಜೊತೆ ಕೈ ಬ್ಯಾಡ್ವೇನೇ? ಕಟ್ಟಿ ಬಂದ್ಬುಡ್ತೀನಿ. ನನ್ನ ಕೂಲಿ ಹೋಗ್ಲಿ, ಅವನ ಮಾಸ್ಕು ನನ್ ಹತ್ರಾನೇ ಐತೆ."

ನಾಶೀಗೆ ಏನೂ ಹೇಳಬೇಕಾಗಲಿಲ್ಲ. ತಂಗಿಯ ಮೈ ನೋಡಿದಳು, ಅವಳಿಗೆ ತಿಳಿಯಿತು. ಕಣ್ಣು ಮುಚ್ಚಿದಳು. "ಹೇಳ್ಬೇಕಿತ್ತು ಕಣೇ," ಅಂದಳು. "ಎರಡೇ ಮಾತು."

"ಬರ್ಲಿಲ್ಲ ಕಣಕ್ಕ. ಬಾಯಿಗೆ ಬರ್ಲಿಲ್ಲ."

ನಾಲೋ ಮಂಡಿಯೂರಿ ಅಕ್ಕನ ಮಣಿಕಟ್ಟಿಗೆ ಆ ಬಿಳಿ ದಾರ ಸುತ್ತಿದಳು. ಕರೆಯುವ ಹಿರಿಯರು ಯಾರೂ ಹತ್ತಿರ ಇರಲಿಲ್ಲ. ತಾನೇ ಕರೆದಳು. "ನಾಶೀ, ಕಾಡಲ್ಲಿದ್ರೂ ಬಾ, ಹೊಳೇಲಿದ್ರೂ ಬಾ. ಅಣಬೆ ಮನೇಲಿ ಸಿಕ್ಕಾಕೊಂಡಿದ್ರೆ ಚಿಲಕ ಮುರ್ಕೊಂಡು ಬಾ." ಗಂಟು ಹಾಕಿದಳು. ಸೇಂಗಕ್ಕ ನಾಶೀಯನ್ನು ಎತ್ತಿ ನಾಲೋಳ ಬೆನ್ನಿಗೆ ಇಟ್ಟು, ಮಗು ಕಟ್ಟುವ ಅಗಲದ ಬಟ್ಟೆಯಿಂದ ಬಿಗಿದಳು. ನಾಶೀ ಬೆಂದ ಚೀಲಕ್ಕಿಂತ ಹಗುರವಾಗಿದ್ದಳು.

ಸೇತುವೆಯ ನಾಕಾದಲ್ಲಿ ಚಿಕ್ಕ ಪ್ರಾಯದ ಪೇದೆಯೊಬ್ಬ ಕಾಯಿ ಪಪ್ಪಾಯಿಯ ಪಚಡಿ ತಿನ್ನುತ್ತಿದ್ದ. ಅಡ್ಡಗಂಬ ಇಳಿದೇ ಇತ್ತು. ನಾಲೋ ಅದರ ಮುಂದೆ ಬಂದು ನಿಂತಳು. ಅವಳನ್ನು ನೋಡಿದ ಕೂಡಲೇ ಅವನು ಎದ್ದ.

"ನೀನೇನಾ? ಈಗಷ್ಟೇ ಫೋನು ಬಂತು. ಧಣಿ ಮಾಲು ಕದ್ದಿದ್ದೀಯಂತೆ."

ನಾಲೋ ಕಂಬ ನೋಡಿದಳು. ಕೆಂಪು ಬಿಳಿ ಪಟ್ಟೆ. ಅದರಾಚೆ ಸೇತುವೆ, ಸೇತುವೆಯಾಚೆ ರಸ್ತೆ. ಕಂಬದ ಪಕ್ಕದಲ್ಲಿ ಜೀಪು. ಜಾಫುವನ್ನು ಹತ್ತಿಸಿದ್ದು ಅಂಥದೇ ಜೀಪಿಗೆ. ಅವನು ಹಿಂದಿನ ಸೀಟಿನಲ್ಲಿ ಕೂತು ತಿರುಗಿ ನೋಡಿದ್ದ, ಮಡಿಲಲ್ಲಿ ಮೂರು ಗಿಡ. ಆ ಜೀಪಿಗೆ ಯಾರೂ ಚೀಟಿ ಕೇಳಿರಲಿಲ್ಲ.

"ಹೌದು ಸ್ವಾಮಿ, ಕದ್ದಿದ್ದೀನಿ," ಅಂದಳು ನಾಲೋ.

ಪೇದೆಗೆ ಏನು ಮಾಡಬೇಕೋ ತಿಳಿಯಲಿಲ್ಲ. ಸಿಕ್ಕಿಬಿದ್ದವರು ಅಳುತ್ತಾರೆ, ಕಾಲಿಗೆ ಬೀಳುತ್ತಾರೆ, ಇಲ್ಲ ಅನ್ನುತ್ತಾರೆ. ಅದಕ್ಕೆ ಅವನ ಹತ್ತಿರ ಬೈಗುಳ ತಯಾರಿತ್ತು.

"ಏನು ಕದ್ದಿದ್ದೀಯ?"

"ನೋಡಿ." ಅವಳು ಎರಡೂ ಕೈ ಅಗಲಿಸಿದಳು. ದಿನಾ ಸಂಜೆ ನಿಲ್ಲುವ ಹಾಗೇ. "ತಲೆ ತುಂಬ, ಅಂಗಿ ತುಂಬ. ಮುಟ್ಟಬ್ಯಾಡಿ, ಉದುರ್ತದೆ. ಇವಳೂ ಕಳ್ಳಿ ಸ್ವಾಮಿ, ನಮ್ಮಕ್ಕ. ನನಗಿಂತ ದೊಡ್ ಕಳ್ಳಿ. ಮೂರು ವರ್ಷದ ಮಾಲು ಎದೇಲಿ ಬಚ್ಚಿಟ್ಟವ್ಳೆ. ಅದನ್ನ ಆಚೆ ತೆಗ್ಯಾಕೆ ನಿಮ್ ಕೈಲಾಗಕಿಲ್ಲ, ಡಾಕ್ಟ್ರೇ ಬೇಕು."

ಬೆನ್ನ ಮೇಲಿಂದ ನಾಶೀ ಕೆಮ್ಮಿದಳು. ನಾಲೋಳ ಹೆಗಲ ಮೇಲೆ ಕಂದು ಕಫ ಬಿತ್ತು. ಪೇದೆ ಎರಡು ಹೆಜ್ಜೆ ಹಿಂದೆ ಸರಿದ.

"ಏಯ್, ಇವಳನ್ನ ಯಾಕೆ ತಂದೆ? ಇವಳ ಹೆಸರು ಹೇಳಿಲ್ಲ ಅವರು."

"ಕೇಳಿ ಸ್ವಾಮಿ. ಫೋನು ಮಾಡಿ ಕೇಳಿ. ನಾಶೀದೂ ಮಾಲು ಬೇಕಾ ಬ್ಯಾಡ್ವಾ ಅಂತಾ ಕೇಳಿ."

ಪೇದೆ ಫೋನು ಮಾಡಿದ. ಆಚೆ ಕಡೆಯ ದನಿ ಅಷ್ಟು ಜೋರಾಗಿತ್ತು, ಕಿವಿಗಿಟ್ಟುಕೊಳ್ಳಲಾರದೆ ಅವನು ಫೋನನ್ನು ದೂರ ಹಿಡಿದ. ನಾಲೋಗೂ ಕೇಳಿಸಿತು. "ಇಬ್ಬರನ್ನೂ ಎಳ್ಕೊಂಡು ಹೋಗಯ್ಯಾ! ಪೇಟೆ ಠಾಣೇಲಿ ಕೂಡಿಹಾಕ್ಸು! ಒಂದು ಗ್ರಾಮ್ ಬಿಡದ ಹಾಗೆ ನನಗೆ ವಾಪಸ್ ಬೇಕು! ನಾಳೆ ನಾನೇ ಬಂದು ಕಂಪ್ಲೇಂಟು ಬರೆದುಕೊಡ್ತೀನಿ!"

ಪೇಟೆಯ ಠಾಣೆ ದೊಡ್ಡಾಸ್ಪತ್ರೆಯ ಎದುರಿಗೇ ಇದೆ. ಜಾಫುವಿನ ಹೆಣ ತರಲು ಧಣಿಯ ಚೀಟಿ ಹಿಡಿದು ಹೋಗಿದ್ದಾಗ ನಾಲೋ ನೋಡಿದ್ದಳು. ನಡುವೆ ಇರುವುದು ಬರೀ ರಸ್ತೆ.

"ಆಸ್ಪತ್ರೆಗೆ ಅಂತ ಕರ್ಕೊಂಡು ಹೋಗಲ್ಲ ನಾನು," ಅಂದ ಪೇದೆ. "ಠಾಣೆಗೆ. ಅಲ್ಲಿ ಅವರೇನು ಮಾಡ್ತಾರೋ ನನಗೆ ಗೊತ್ತಿಲ್ಲ. ಜೈಲಾಗುತ್ತೆ ನಿನಗೆ. ಗೊತ್ತಾಯ್ತಾ?"

"ಗೊತ್ತಾಯ್ತು."

"ಮತ್ತೆ ಹಲ್ಲು ಬಿಡ್ತೀಯಲ್ಲ!"

ನಾಲೋ ಹಲ್ಲು ಬಿಟ್ಟಿರಲಿಲ್ಲ. ಉಸಿರು ಎಳೆದುಕೊಳ್ಳುತ್ತಿದ್ದಳು.

ಅವಳು ಬಟ್ಟೆ ಬಿಚ್ಚಿ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದಳು. ಹತ್ತಲು ಕಾಲೆತ್ತಿದಾಗ ಪೇದೆ ತಡೆದ. "ಮೈ ಕೊಡವಿಕೊಂಡು ಹತ್ತು. ಸೀಟೆಲ್ಲ ಗಲೀಜಾಗುತ್ತೆ."

"ಕೊಡವಾಕಿಲ್ಲ ಸ್ವಾಮಿ. ಕದ್ದ ಮಾಲು. ಠಾಣೆ ಮುಟ್ಟೋವರ್ಗೂ ಇರ್ಬೇಕು. ಇಲ್ದಿದ್ರೆ ನೀವು ನನ್ನ ಯಾಕೆ ಕರ್ಕೊಂಡು ಬಂದ್ರಿ ಅಂತಾ ಕೇಳ್ತಾರೆ."

ಪೇದೆ ಹೋಗಿ ಬೇಡಿ ತಂದ. ಒಂದೇ ಜೊತೆ ಇತ್ತು. ಒಂದು ಬಳೆ ನಾಲೋಳ ಕೈಗೆ, ಇನ್ನೊಂದು ನಾಶೀಯ ಕೈಗೆ. ಕೂತೇ ಇದ್ದ ನಾಶೀ ತಂಗಿಯ ಹೆಗಲಿಗೆ ತಲೆ ಇಟ್ಟಳು.

"ಎಲ್ಲಿಗೆ ಕಣೇ?" ಅಂದಳು.

"ಪೇಟೆಗೆ ಕಣಕ್ಕ. ಧಣಿ ಗಾಡಿ ಸಿಗ್ಲಿಲ್ಲ."

ಅಡ್ಡಗಂಬ ಎದ್ದಿತು. ಜೀಪು ಸೇತುವೆಯ ಹಲಗೆಗಳ ಮೇಲೆ ಕುಲುಕಿತು. ಒಂದು ಚಿಟಿಕೆಯೂ ಉದುರಬಾರದೆಂದು ನಾಲೋ ಮೈ ಬಿಗಿಹಿಡಿದು ಕೂತಳು. ಕೆಮ್ಮು ಬಂತು, ನುಂಗಿದಳು. ಈ ಸಲ ಧಣಿಗಾಗಿ ಅಲ್ಲ. ನಾಶೀಯ ಮಣಿಕಟ್ಟು ಸವೆದು ಕಡ್ಡಿಯಾಗಿತ್ತು. ಜೀಪು ಕುಲುಕಿದಾಗಲೆಲ್ಲ ಬೇಡಿ ಮೊಣಕೈಯವರೆಗೆ ಜಾರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಇಳಿದು ಬಂದು ದಾರದ ಗಂಟಿಗೆ ತಡೆದು ನಿಲ್ಲುತ್ತಿತ್ತು.